ಮೂರು ಚಿಟಿಕೆ

ಚೈತ್ರಶ್ರೀ ಡಬ್ಬಿಯ ತಳವನ್ನು ಚಮಚದಿಂದ ಕೆರೆದಳು. ಒಂದು ಚಿಟಿಕೆಯೂ ಸಿಗಲಿಲ್ಲ. ಬಚ್ಚಲಲ್ಲಿ ನೀರಿನ ಸದ್ದು ನಿಂತಿತು. ಗಂಡ ಭೀಮೇಶ್ ಸ್ನಾನ ಮುಗಿಸಿ ಬರುತ್ತಿದ್ದಾನೆ. ಅವಳು ಡಬ್ಬಿಯನ್ನು ಖಾರದಪುಡಿಯ ಹಿಂದೆ ತಳ್ಳಿ, ಬರೀ ಚಹಾವನ್ನೇ ಲೋಟಕ್ಕೆ ಸೋಸಿದಳು. ಹದಿಮೂರು ತಿಂಗಳಲ್ಲಿ ಅವನಿಗೆ ಪುಡಿ ಬೆರೆಸದ ಚಹಾ ಕೊಡುತ್ತಿರುವುದು ಇದೇ ಮೊದಲು.

ಕುಡಿತ ಬಿಡಿಸುವ ಪುಡಿ ಅದು. ದಿನಕ್ಕೆ ಮೂರು ಚಿಟಿಕೆ, ಕುಡಿಯುವವನಿಗೆ ಗೊತ್ತಾಗಬಾರದು. ಹಾಗಂತ ಬಿಳಿಚೋಡಿನ ಜುಂಜಪ್ಪಜ್ಜ ಹೇಳಿದ್ದ. ಊರೂರು ತಿರುಗಿ ಬೇರು ನಾರು ಮಾರುವ ಮುದುಕ. ಕಳೆದ ವರ್ಷ ಜಗಳೂರಿನ ಅವರ ಬೀದಿಗೆ ಬಂದವನು, ಬೇರೆ ಯಾವ ಮನೆಯ ಮುಂದೆಯೂ ನಿಲ್ಲದೆ ನೆಟ್ಟಗೆ ಇವಳ ಬಾಗಿಲಿಗೇ ಬಂದು ಚೀಲ ಇಳಿಸಿದ್ದ. ದೇವರೇ ಕಳಿಸಿದ ಎಂದುಕೊಂಡಳು ಚೈತ್ರಶ್ರೀ.

ಅದಕ್ಕೂ ಮೊದಲು ಭೀಮೇಶ್ ಏಳು ಸಲ ಕುಡಿತ ಬಿಟ್ಟಿದ್ದ. ಚೌಡಮ್ಮನ ಗುಡಿಯಲ್ಲಿ ಕರ್ಪೂರ ಮುಟ್ಟಿ ಒಮ್ಮೆ, ಮಗಳ ತಲೆ ಮುಟ್ಟಿ ಒಮ್ಮೆ, ಸತ್ತ ತಾಯಿಯ ಹೆಸರಲ್ಲಿ ಇನ್ನೊಮ್ಮೆ. ಕುಡುಕರ ಮಾತು ಬೆಳಗಾದರೆ ಹೋಯ್ತು ಎನ್ನುತ್ತಾರೆ. ಭೀಮೇಶನ ಮಾತಿಗೆ ಬೆಳಗಿನವರೆಗೆ ಕಾಯುವ ತಾಳ್ಮೆಯೂ ಇರಲಿಲ್ಲ. ಎಂಟನೇ ಸಲ ಅವನು ಆಣೆ ಇಡಲು ಬಂದಾಗ ಅವಳು ಕೈ ತಳ್ಳಿದ್ದಳು.

"ಇನ್ನೊಂದ್ ಸಲ ಆಣೆ ಅಂದ್ರೆ ಮಗಳನ್ನ ಕರ್ಕಂಡು ಹೋಗ್ತೀನಿ. ವಾಪಸ್ ಬರಲ್ಲ."

ಅದಾಗಿ ಮೂರನೇ ದಿನಕ್ಕೆ ಪುಡಿ ಸಿಕ್ಕಿತ್ತು.

ಸಿಕ್ಕಿದ್ದೇ ತಡ, ಕೆಲಸ ಮಾಡಿತು. ಮೊದಲ ವಾರ ಭೀಮೇಶ್ ಬೆವತ, ನಡುಗಿದ, ಗೋಡೆಗೆ ಮುಖ ಮಾಡಿ ಮಲಗಿದ. ಎರಡನೇ ತಿಂಗಳು ಮುಚ್ಚಿದ್ದ ಮೋಟಾರ್ ರಿವೈಂಡಿಂಗ್ ಅಂಗಡಿಯ ಷಟರ್ ಎತ್ತಿದ. ಸಣ್ಣ ತಾಮ್ರದ ತಂತಿ ಸುತ್ತುವ ಕೆಲಸ; ನಡುಗುವ ಕೈಗೆ ಅದು ಒಗ್ಗುವುದಿಲ್ಲ. ಈಗ ಸುತ್ತಲ ಹಳ್ಳಿಯವರು ಪಂಪು ಹೇರಿಕೊಂಡು ಅವನನ್ನೇ ಹುಡುಕಿ ಬರುತ್ತಾರೆ. ಸಂಜೆ ಮಗಳಿಗೆ ಮಗ್ಗಿ ಹೇಳಿಕೊಡುತ್ತಾನೆ. ಬೀದಿಯವರು ಅವನನ್ನು ಹೊಗಳಿದಾಗಲೆಲ್ಲ ಚೈತ್ರಶ್ರೀಗೆ ಒಳಗೊಳಗೇ ನಗು. ಇವನ ಕೈಲೇನಿದೆ, ಎಲ್ಲ ಪುಡಿಯ ಮಹಿಮೆ.

ಅವನೂ ವಿಚಿತ್ರ. ಅಷ್ಟು ಕಹಿ ಚಹಾವನ್ನು ಒಂದು ದಿನವೂ ಯಾಕೆ ಹೀಗಿದೆ ಎಂದು ಕೇಳಲಿಲ್ಲ. ಗಸಿಯವರೆಗೂ ಕುಡಿದು, ಖಾಲಿ ಲೋಟವನ್ನು ಅವಳಿಗೆ ಕಾಣುವಂತೆ ಇಟ್ಟು ಹೋಗುತ್ತಿದ್ದ.

ಇವತ್ತು ಮಾತ್ರ ಒಂದು ಗುಟುಕಿಗೇ ತಲೆ ಎತ್ತಿದ.

"ಚಹಾ ಬೇರೆ ಥರ ಐತಲ್ಲ."

ಅವಳು ಒಲೆಯತ್ತ ತಿರುಗಿದಳು. "ಬೇರೆ ಏನಿಲ್ಲ. ದಿನಾ ಮಾಡ್ದಂಗೇ ಮಾಡೀನಿ."

ಅವನು ನಕ್ಕ. ಇನ್ನೊಂದು ಲೋಟ ಕೇಳಿ ಕುಡಿದ. ಆಮೇಲೆ ತಡೆದು ತಡೆದು ಹೇಳಿದ:

"ಮಧ್ಯಾಹ್ನ ತ್ಯಾವಣಿಗೆಯಾಗೆ ಮಾವನ ಮಗನ ಬೀಗರೂಟ ಐತೆ. ಹನ್ನೊಂದಕ್ಕೆ ಅಂಗಡಿಯಿಂದ ಹಂಗೇ ಹೋಗಿ ಬರ್ಲಾ?"

ಬೀಗರೂಟವೆಂದರೆ ಬಾಡು, ಬಾಡಿನ ಜೊತೆ ಬಾಟಲಿ. ಬೇಡ ಎಂದರೆ ಯಾಕೆ ಎನ್ನುತ್ತಾನೆ. ಯಾಕೆಂದು ಹೇಳಹೊರಟರೆ ಪುಡಿಯ ಗುಟ್ಟು ಹೊರಬೀಳುತ್ತದೆ.

"ಹೋಗಿ ಬರ್ರಿ," ಎಂದಳು.

"ನಿಜವಾಗ್ಲೂ?"

"ಹೋಗಿ ಬರ್ರಿ ಅಂದ್ನಲ್ಲ."

ಅವನ ಕಣ್ಣಲ್ಲಿ ನೀರಾಡಿತು. ಬಾಟಲಿಯ ನೆನಪಿಗೆ ಕುಡುಕರ ಕಣ್ಣು ಹೀಗೂ ಆಗುತ್ತದೆಂದು ಚೈತ್ರಶ್ರೀ ಬಲ್ಲಳು. ನಾಯಿ ಬಾಲ ಡೊಂಕೇ.

ಅವನು ಅಂಗಡಿಯತ್ತ ತಿರುಗಿದ್ದೇ ಅವಳು ಬಿಳಿಚೋಡಿನ ಬಸ್ಸು ಹತ್ತಿದಳು. ಫೋನ್ ಮಾಡಿದಾಗಲೆಲ್ಲ ಪುಡಿ ತಂದುಕೊಡುತ್ತಿದ್ದ ಜುಂಜಪ್ಪಜ್ಜ ಒಂದು ವಾರದಿಂದ ಫೋನ್ ಎತ್ತುತ್ತಿರಲಿಲ್ಲ. ಹನ್ನೊಂದರೊಳಗೆ ಪುಡಿ ತಂದು ಅಂಗಡಿಗೇ ಚಹಾ ಒಯ್ದುಕೊಟ್ಟರೆ ಇವತ್ತಿನ ಗಂಡಾಂತರ ದಾಟಬಹುದು. ಇಲ್ಲದಿದ್ದರೆ ಇಲ್ಲ. ಬಸ್ಸು ಒಂದೊಂದು ಸ್ಟಾಪಿನಲ್ಲಿ ನಿಂತಾಗಲೂ ಅವಳಿಗೆ ಅಳು ಬರುವಂತಾಯಿತು. ಮೊದಲಿನ ಆ ಬದುಕಿಗೆ ಮತ್ತೆ ಹೋಗುವ ಶಕ್ತಿ ಅವಳಲ್ಲಿ ಉಳಿದಿರಲಿಲ್ಲ.

ಮುದುಕ ಮನೆ ಮುಂದೆ ಗೋಣಿ ಹಾಸಿ ಬೇರು ಒಣಹಾಕುತ್ತಿದ್ದ. ಅವಳನ್ನು ಕಂಡವನೇ ಎದ್ದು ಒಳಗೆ ಹೊರಟ. ಚೈತ್ರಶ್ರೀ ಬಾಗಿಲಿಗೆ ಅಡ್ಡ ನಿಂತಳು.

"ಯಾಕಜ್ಜ, ಫೋನ್ ಎತ್ತಲ್ಲ?"

"ಪುಡಿ ಇಲ್ಲವ್ವ."

"ಮೂರೇ ಚಿಟಿಕೆ ಕೊಡಜ್ಜ, ಕೈ ಮುಗೀತೀನಿ. ನಮ್ಮನೆಯೋರು ಬೀಗರೂಟಕ್ಕೆ ಹೊಂಟಾರೆ. ಪುಡಿ ಹೊಟ್ಟೆಗೆ ಬೀಳ್ಲಿಲ್ಲ ಅಂದ್ರೆ ನನ್ನ ಸಂಸಾರ ಇವತ್ತಿಗೆ ಮುಗೀತು."

ಮುದುಕ ಅವಳ ಮುಖ ನೋಡಲಾರದೆ ಮತ್ತೆ ಗೋಣಿಯ ಮೇಲೆ ಕೂತ.

"ಆ ಪುಡಿಯಾಗೆ ಏನೂ ಇಲ್ಲ ತಾಯಿ. ಬರೀ ನೆಲಬೇವು. ಜ್ವರ ಬಂದೋರಿಗೆ ಕೊಡೋದು."

"ಸುಳ್ಳು ಹೇಳ್ಬೇಡ! ಅದ್ರಿಂದ್ಲೇ ಬಿಟ್ಟಾರೆ."

"ನೆಲಬೇವಿಗೆ ಕುಡಿತ ಬಿಟ್ಟೋರನ್ನ ಈ ವಯಸ್ಸಿನವರ್ಗೂ ನಾನು ನೋಡಿಲ್ಲ."

ಅವಳಿಗೆ ಸಿಟ್ಟು ನೆತ್ತಿಗೇರಿತು. ಹದಿಮೂರು ತಿಂಗಳು! "ಹಂಗಾರೆ ನಮ್ಮನೆ ಬಾಗಿಲಿಗೆ ಬಂದು ಯಾಕೆ ಮೋಸ ಮಾಡ್ದೆ?"

"ನಾನಾಗಿ ಬರ್ಲಿಲ್ಲ. ನಿನ್ನ ಗಂಡ ಕಳ್ಸಿದ್ದು. 'ನನ್ನ ಆಣೆ ನಂಬಲ್ಲ ಅವ್ಳು, ಪುಡಿ ಆದ್ರೆ ನಂಬ್ತಾಳೆ, ಏನಾರ ಒಂದು ಕೊಡು' ಅಂತ ಕಾಲು ಹಿಡ್ಕಂಡ. ಹೋದ ವಾರ ಬಂದು, 'ಇನ್ನು ಸಾಕು, ಅವ್ಳ ಫೋನ್ ಎತ್ತಬೇಡ' ಅಂದ."

"ಯಾಕಂತೆ?"

ಜುಂಜಪ್ಪಜ್ಜ ಬೇರಿನ ಮಣ್ಣು ಕೊಡವುತ್ತ, ತಲೆ ಎತ್ತದೆ ಹೇಳಿದ:

"'ಪುಡಿ ಇಲ್ದಿದ್ರೂ ಈಗ ನನ್ನ ನಂಬ್ತಾಳೆ, ನಿನ್ನ ಹುಡುಕ್ಕಂಡು ಬರಲ್ಲ' ಅಂದಿದ್ದ ಕಣವ್ವ."