ಗಂಟೆ ಹೊತ್ತಿನ ದಾರಿ

ಹೊಸಿಲು ದಾಟುತ್ತಿದ್ದ ತಿರುಮಲೇಶನ ಕೈಯಿಂದ ಹೆಂಡತಿ ವಿಮಲಾ ಚೀಲವನ್ನು ಕಿತ್ತುಕೊಂಡಳು. ಏರೋಡ್ರೋಮಿಗೆ ಹೋಗುವ ಟ್ಯಾಕ್ಸಿ ಗೇಟಿನ ಬಳಿ ನಿಂತಿತ್ತು.

“ಸೋಮವಾರ ಏಳೂವರೆಗೆ ರಾಹುಕಾಲ ಅಲ್ವೇನ್ರೀ? ಮದರಾಸೇನು ಈಗ ರಾತ್ರಿಯೆಲ್ಲ ರೈಲಲ್ಲಿ ಕೂತು ಹೋಗೋ ಊರೇ? ವಿಮಾನದಲ್ಲಿ ಗಂಟೆ ಹೊತ್ತಿನ ದಾರಿ. ಸಂಜೆ ವಿಮಾನಕ್ಕೆ ಹೋದ್ರೂ ರಾತ್ರಿ ಊಟದ ಹೊತ್ತಿಗೆ ಅತ್ತೆ ಪಕ್ಕದಲ್ಲಿರ್ತೀರ.”

ಮದರಾಸಿನಲ್ಲಿ ತಂಗಿಯ ಮನೆಯಲ್ಲಿ ಅವನ ತಾಯಿ ಹಾಸಿಗೆ ಹಿಡಿದಿದ್ದರು. ಆದರೂ ಹೆಂಡತಿಯ ಲೆಕ್ಕ ಸರಿಯೆನಿಸಿ, ಅವನು ಟ್ಯಾಕ್ಸಿಯನ್ನು ಕಳಿಸಿಬಿಟ್ಟ.

ಹನ್ನೊಂದರ ಸುಮಾರಿಗೆ, ಜಯನಗರದ ಆ ಬೀದಿಗೆಲ್ಲ ಒಂದೇ ಫೋನಿದ್ದ ಎದುರುಮನೆಯವರು ಕೂಗಿದರು. ಹೋಗಿ ಬಂದ ತಿರುಮಲೇಶ ಒಳಗೆ ಬರದೆ ಮೆಟ್ಟಿಲ ಮೇಲೆಯೇ ನಿಂತ.

“ಅಮ್ಮ ಹತ್ತೂವರೆಗೆ ಹೋಗಿಬಿಟ್ಲಂತೆ. ಮಗ ವಿಮಾನದಲ್ಲಿ ಬರ್ತಿದಾನೆ ಅಂತ ಬೆಳಿಗ್ಗೆಯಿಂದ ಬಾಗಿಲನ್ನೇ ನೋಡ್ತಿದ್ಲಂತೆ.” ಆಮೇಲೆ, ಯಾರಿಗೋ ಹೇಳುವವನಂತೆ, “ಸಂಜೆವರೆಗೂ ಏರೋಡ್ರೋಮಲ್ಲೇ ಕಾಯ್ತೀನಿ” ಎಂದ.

ವಿಮಲಾಳ ಕಣ್ಣು ಅಭ್ಯಾಸಬಲದಿಂದ ಗೋಡೆಯ ಕ್ಯಾಲೆಂಡರಿನ ಕಡೆ ಹೋಯಿತು. ಈಗ ಯಮಗಂಡಕಾಲ. ಅವಳು ಬೆಳಿಗ್ಗೆ ಕಿತ್ತುಕೊಂಡಿದ್ದ ಚೀಲವನ್ನು ತಾನೇ ಎತ್ತಿ ಹೊಸಿಲಿನಾಚೆ ಇಟ್ಟಳು.