ವಿಂಟರ್ ಕಪಾಟು

"ಈಗ ಯಾವ ಸೀಸನ್ ಅಂತ ಕೇಳ್ತಾರೆ. ವಿಂಟರ್ ಅನ್ಬೇಕು. ಎಲ್ಲಿ, ಹೇಳಿ ನೋಡೋಣ?"

"ಸಮ್ಮರ್," ಅಂದ ಟೈಲರಜ್ಜ.

ಅಜ್ಜಿ ಹಣೆ ಚಚ್ಚಿಕೊಂಡಳು. ಆಸ್ಪತ್ರೆಯ ಬೆಂಚಿನ ಮೇಲೆ ಬೆಳಗಿನಿಂದ ಇದೇ ಪಾಠ. ಹೋದ ಸಲದ ನೆನಪಿನ ಪರೀಕ್ಷೆಯಲ್ಲಿ ಡಾಕ್ಟರಮ್ಮ 'ಸೀಸನ್' ಅನ್ನುತ್ತಲೇ ಅಜ್ಜ ಕಕ್ಕಾಬಿಕ್ಕಿಯಾಗಿದ್ದ. ಆಮೇಲೆ ಒಂದು ದಿನ ಇಸ್ತ್ರಿಪೆಟ್ಟಿಗೆಯನ್ನು ಗಿರಾಕಿಯ ಕೋಟಿನ ಮೇಲೇ ಮರೆತು ಅಂಗಡಿ ತುಂಬ ಹೊಗೆ ಎಬ್ಬಿಸಿದ. ಮಗಳು ಅಂಗಡಿಗೆ ಬೀಗ ಜಡಿದು ಕೀಲಿಕೈ ಇಟ್ಟುಕೊಂಡಳು. ಅಪ್ಪ ಸರಿಯಿದ್ದಾರೆ ಅಂತ ಡಾಕ್ಟರು ಹೇಳಿದರಷ್ಟೇ ವಾಪಸ್ಸು ಕೊಡುತ್ತಾಳಂತೆ. ಹೊಲಿಗೆ ಮೆಷಿನ್ ಬಿಟ್ಟು ಈ ಮನುಷ್ಯ ಬದುಕುವುದುಂಟೆ? ಅಜ್ಜಿಗೆ ಅದೊಂದೇ ಹೆದರಿಕೆ.

"ರೀ, ಅಂಗಡೀಲಿ ಮೇಲಿನ ಕಪಾಟಿಗೆ ಏನಂತಿದ್ರಿ? ಜ್ಞಾಪಿಸಿಕೊಳ್ಳಿ."

ಅಜ್ಜನ ಮುಖ ಅರಳಿತು. "ವಿಂಟರ್! ಉಣ್ಣೆ ಬಟ್ಟೆ, ದಪ್ಪ ಅಸ್ತರು, ಎಲ್ಲಾ ಅಲ್ಲೇ. ಕೆಳಗಿಂದು ಸಮ್ಮರ್, ಬರೀ ಕಾಟನ್ನು."

ಇಂಗ್ಲಿಷಿನವರಿಗೆ ಅದು ಚಳಿಗಾಲವಿರಬಹುದು, ಅಜ್ಜನಿಗೆ ಜೀವಮಾನವಿಡೀ ಅದೊಂದು ಕಪಾಟು. ಸುಡು ಬಿಸಿಲಿನಲ್ಲೂ ಯಾರಾದರೂ ಕೋಟು ಹೊಲಿಸಲು ಬಂದರೆ "ಲೇ, ವಿಂಟರ್ ಇಳಿಸೇ" ಎಂದು ಕೂಗುತ್ತಿದ್ದ. ಸ್ಟೂಲು ಹತ್ತಿ ಬಟ್ಟೆಯ ಥಾನು ಇಳಿಸುತ್ತಿದ್ದವಳು ಅಜ್ಜಿಯೇ.

ಒಳಗೆ ಡಾಕ್ಟರಮ್ಮ ಹೆಸರು ಕೇಳಿದಳು, ಮನೆ ಎಲ್ಲಿ ಅಂತ ಕೇಳಿದಳು. ಅಜ್ಜ ಸರಾಗವಾಗಿ ಹೇಳಿದ.

"ಈಗ ಯಾವ ಸೀಸನ್, ಅಜ್ಜಾ?"

ಅಜ್ಜಿ ಬಾಯಿಗೆ ಬಂದದ್ದನ್ನು ತುಟಿ ಕಚ್ಚಿ ತಡೆದಳು. ಅಜ್ಜ ಮೇಜಿನಾಚೆ ಕೈ ಚಾಚಿ, ಡಾಕ್ಟರಮ್ಮನ ಕೋಟಿನ ತೋಳಿನ ಅಂಚನ್ನು ಎರಡು ಬೆರಳಲ್ಲಿ ಉಜ್ಜಿ ನೋಡಿದ.

"ಒಳ್ಳೆ ಉಣ್ಣೆ. ಒಳಗೆ ಡಬಲ್ ಅಸ್ತರು ಬೇರೆ. ವಿಂಟರ್ ಕಣಮ್ಮಾ!"

"ಫುಲ್ ಮಾರ್ಕ್ಸ್, ಅಜ್ಜಾ!" ಡಾಕ್ಟರಮ್ಮ ನಕ್ಕುಬಿಟ್ಟಳು. ಅಜ್ಜಿಯ ಕಣ್ಣು ತುಂಬಿಬಂತು. ಸದ್ಯ, ಗೆದ್ದೆವು! ಮನಸ್ಸಿನಲ್ಲೇ ಅವಳು ಅಂಗಡಿಯ ಬಾಗಿಲು ತೆಗೆದು ಕಸ ಗುಡಿಸತೊಡಗಿದ್ದಳು.

ಪೆನ್ನಿನ ಮುಚ್ಚಳ ಹಾಕುತ್ತಾ ಡಾಕ್ಟರಮ್ಮ ಕೊನೆಯದಾಗಿ ಕೇಳಿದಳು: "ಇವತ್ತು ನಿಮ್ಮ ಜೊತೆ ಬಂದಿರೋರು ಯಾರು?"

ಇದನ್ನು ಹೇಳಿಕೊಡಬೇಕೆಂದು ಅಜ್ಜಿಗೆ ಹೊಳೆದೇ ಇರಲಿಲ್ಲ.

ಅಜ್ಜ ತಿರುಗಿ ಅವಳನ್ನು ನೋಡಿದ. ಮೆಲ್ಲಗೆ ಅವಳ ಕೋಟಿನ ತೋಳು ಹಿಡಿದು, ಅಂಚು ಮಗುಚಿ, ಹೊಲಿಗೆಯುದ್ದಕ್ಕೂ ಬೆರಳಾಡಿಸಿದ. ತುಂಬ ಹೊತ್ತು ನೋಡಿದ. ಆಮೇಲೆ, ಗಿರಾಕಿಗಳೊಡನೆ ಮಾತಾಡುವ ಮರ್ಯಾದೆಯಲ್ಲೇ ಅವಳಿಗೆ ಹೇಳಿದ:

"ಹೊಲಿಗೆ ನಂದೇ, ತಾಯಿ. ಅಳತೆ ಕೊಟ್ಟೋರು ಯಾರು ಅಂತ ಮಾತ್ರ ಜ್ಞಾಪಕ ಬರ್ತಿಲ್ಲ."