ಡಂಕನ್ ತೆಗೆದ ಮೊದಲ ಫೋಟೊ

ಹೆಂಡತಿ ಮೆಟ್ಟಿಲು ಹತ್ತುವ ಸದ್ದು ಕೇಳಿದ್ದೇ ತಡ, ಡಂಕನ್ ಕೈಯಲ್ಲಿದ್ದುದನ್ನು ಬೂಟಿನ ಡಬ್ಬಿಗೆ ತುರುಕಿ ಮಂಚದ ಕೆಳಗೆ ತಳ್ಳಿದ. ಆದರೆ ಫಿಲಿಪಾ ಆಕಾಶದಲ್ಲಿ ತಲೆಕೆಳಗಾಗಿ ನೇತಾಡುತ್ತ ನೆಲ ಗುರುತಿಸುವ ಹೆಂಗಸು. ಅವಳಿಗೆ ಮಂಚದ ಅಡಿ ಯಾವ ಲೆಕ್ಕ?

“ತೆಗಿ ಅದನ್ನ ಹೊರಗೆ.”

ತೆಗೆದ. ಯಾರೋ ಬಳಸಿ ಮಾರಿದ ಕ್ಯಾಮೆರಾ, ಮೊಳದುದ್ದದ ಲೆನ್ಸು, ಕಿವಿ ಮುಚ್ಚುವ ಹಸಿರು ಬಟ್ಟಲುಗಳು.

“ಶನಿವಾರ ನಿನ್ನ ಪ್ರದರ್ಶನಕ್ಕೆ ಬರ್ತೀನಿ ಪಿಪ್,” ಅಂದ. “ಫೋಟೊ ತೆಗೆಯೋಕೆ.”

ಫಿಲಿಪಾ ಮಂಚದ ತುದಿಯಲ್ಲಿ ಕೂತುಬಿಟ್ಟಳು. ಮದುವೆಯಾದಂದಿನಿಂದ ಅವನು ಲಿಂಕನ್‌ಶೈರಿನ ಒಂದು ವಿಮಾನ ಪ್ರದರ್ಶನಕ್ಕೂ ಕಾಲಿಟ್ಟವನಲ್ಲ. ಅವಳು ತನ್ನ ಪುಟ್ಟ ಹಳದಿ ವಿಮಾನದಲ್ಲಿ ಪಲ್ಟಿ ಹೊಡೆಯುವ ದಿನ ಅವನು ಬೂಟಿನಂಗಡಿಯ ಹಿಂದಿನ ಕೋಣೆಯಲ್ಲಿ ಫೋನು ಹಿಡಿದು ಕೂರುತ್ತಿದ್ದ. ‘ಇಳಿದೆ’ ಎಂದು ಅವಳು ಹೇಳುವ ತನಕ ಚಹಾ ಕೂಡ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಅವಳು ಬಿದ್ದರೆ ತಾನೂ ಉಳಿಯುವುದಿಲ್ಲ ಎನ್ನುವುದು ಅವನಿಗೆ ಗೊತ್ತಿತ್ತು.

“ಕುರ್ಚಿ ಹತ್ತಿ ಬಲ್ಬು ಹಾಕೋಕೇ ನಡುಗ್ತೀಯ, ನೀನು ಬರ್ತೀಯಾ?”

“ಸಣ್ಣ ಕಿಂಡೀಲಿ ನೋಡಿದ್ರೆ ಭಯಾನೂ ಸಣ್ಣದಾಗುತ್ತಂತೆ.”

“ಯಾರಂದ್ರು?”

“ನಿಮ್ಮಪ್ಪ.”

ಅವಳ ಅಪ್ಪ ಕ್ಲಿಫರ್ಡ್ ಹರೆಯದಿಂದಲೂ ವಿಮಾನಗಳ ಫೋಟೊ ತೆಗೆದುಕೊಂಡೇ ಬಂದವನು. ಮಗಳಿಗೆ ಹಾರುವ ಹುಚ್ಚು ಹಿಡಿಸಿದವನೂ ಅವನೇ. ಅಳಿಯ ತಾನಾಗಿ ಬಲೆಗೆ ಬಿದ್ದದ್ದು ಅವನಿಗೆ ಹಬ್ಬವಾಗಿತ್ತು. ಅಡುಗೆಮನೆಯ ಮೇಜಿನ ಮೇಲೆ ಹಂದಿಮಾಂಸದ ಪೈ ಕತ್ತರಿಸುತ್ತಲೇ ಯೋಜನೆ ಹಾಕಿದ. ಮೈದಾನದ ಬಾಗಿಲು ತೆರೆಯುವ ಮೊದಲೇ ಸಾಲಿನಲ್ಲಿರಬೇಕು. ಸೂರ್ಯ ಬೆನ್ನಿಗಿರುವ ಕಡೆ ಜಾಗ ಹಿಡಿಯಬೇಕು. ಮುಂದಿನವರ ತಲೆ ಅಡ್ಡ ಬರದಂತೆ ಪುಟ್ಟ ಏಣಿ ಬೇಕು. ಡಂಕನ್ ಎಲ್ಲಕ್ಕೂ ತಲೆಯಾಡಿಸಿದ.

ಅಭ್ಯಾಸಕ್ಕೆಂದು ಹಾರಾಟದ ಕ್ಲಬ್ಬಿನ ಬೇಲಿಯ ಬಳಿ ನಿಂತು ಒಂದಷ್ಟು ತೆಗೆದುಕೊಂಡೂ ಬಂದ. ಕ್ಲಿಫರ್ಡ್ ನೋಡಿ ಬಿದ್ದು ಬಿದ್ದು ನಕ್ಕ.

“ಅಯ್ಯೋ ಮಗಾ, ಇದರ ಪ್ರೊಪೆಲ್ಲರ್ ನೋಡು! ಗೋಡೆಗೆ ಮೊಳೆ ಹೊಡೆದು ನಿಲ್ಲಿಸಿದ ಹಾಗಿದೆ. ಎಂಜಿನ್ ಸತ್ತ ವಿಮಾನ!”

“ಅದು ಚೆನ್ನಾಗೇ ಹಾರ್ತಿತ್ತು...”

“ಹಾರ್ತಿತ್ತು ಕಣಯ್ಯಾ. ನೀನು ಶಟರನ್ನ ಸಾವಿರದಲ್ಲಿಟ್ಟಿದ್ದೆ. ಅದು ಜೆಟ್‌ಗೆ. ಅಷ್ಟು ವೇಗವಾಗಿ ಮುಚ್ಚಿದ್ರೆ ಸುತ್ತೋದೆಲ್ಲ ನಿಂತ ಹಾಗೆ ಬರುತ್ತೆ. ಪ್ರೊಪೆಲ್ಲರ್‌ಗೆ ಈ ಚಕ್ರಾನ ನೂರಕ್ಕೆ ಇಳಿಸು. ನೂರರಲ್ಲಿ ಸುತ್ತೋ ಪ್ರೊಪೆಲ್ಲರ್ ಯಾವತ್ತೂ ನಿಂತ ಹಾಗೆ ಬರಲ್ಲ, ಗುಂಡಗೆ ಮಂಜಿನ ಹಾಗೆ ಬರುತ್ತೆ. ಹೊಸಬರೆಲ್ಲ ಮಾಡೋ ತಪ್ಪು ಇದು. ಹೆದರ್ಕೋಬೇಡ.”

ಹೆದರಬೇಡ ಎನ್ನುವುದು ಸುಲಭ. ಶನಿವಾರ ಬೆಳಗ್ಗೆ ಫಿಲಿಪಾ ಅವನ ಕೆನ್ನೆ ತಟ್ಟಿ ಹೋದ ಮೇಲೆ ಅವನು ಎರಡು ಸಲ ವಾಂತಿ ಮಾಡಿಕೊಂಡ. ಮನೆಯಲ್ಲೇ ಚಕ್ರವನ್ನು ನೂರಕ್ಕೆ ಇಳಿಸಿ, ಬೇಕನ್ ಇಟ್ಟ ಬನ್ನು ಮುಟ್ಟದೆ, ಮಾವನ ಹಿಂದೆ ಹೊರಟ.

ಮೈದಾನದಲ್ಲಿ ಮೊದಲು ಬಂದದ್ದು ಜೆಟ್‌ಗಳು. ಆಕಾಶ ಸೀಳುವ ಸದ್ದಿಗೆ ಡಂಕನ್ ಏಣಿಯಿಂದಿಳಿದು, ಅದರ ಕಾಲುಗಳ ನಡುವೆ ಮುದುಡಿ ಕೂತ. ಕಣ್ಣು ಮುಚ್ಚಿ, ಕಿವಿಯ ಬಟ್ಟಲುಗಳನ್ನು ಎರಡೂ ಕೈಯಿಂದ ಒತ್ತಿ ಹಿಡಿದ. ಕ್ಯಾಮೆರಾ ಹುಲ್ಲಿನ ಮೇಲೆ ಬಿದ್ದಿತ್ತು. ಕ್ಲಿಫರ್ಡ್‌ನ ಕಣ್ಣು ತನ್ನ ಲೆನ್ಸಿಗೆ ಅಂಟಿದ್ದರಿಂದ ಈ ಅವಮಾನ ಅವನಿಗೆ ಕಾಣಲಿಲ್ಲ.

“ಹೆಂಗಿತ್ತು ಮಗಾ ಜೆಟ್ಟು? ಸಿಕ್ತಾ?”

“ಸಿಕ್ತು,” ಎಂದು ಡಂಕನ್ ಸುಳ್ಳು ಹೇಳಿ ಮತ್ತೆ ಏಣಿ ಹತ್ತಿದ.

ಧ್ವನಿವರ್ಧಕದಲ್ಲಿ ವಾದ್ಯ ಗದ್ದಲವೆಬ್ಬಿಸಿತು. ಹಳದಿ ವಿಮಾನ ಬಾಲದಿಂದ ಬಿಳಿ ಹೊಗೆ ಬಿಡುತ್ತ ನೆಟ್ಟಗೆ ಮೇಲೇರಿತು. ಡಂಕನ್ ಕಣ್ಣನ್ನು ಕಿಂಡಿಗೆ ಒತ್ತಿದ. ಭಯ ಸಣ್ಣದೇನೂ ಆಗಲಿಲ್ಲ. ತುತ್ತತುದಿಯಲ್ಲಿ ಹೊಗೆಯ ಎಳೆ ಕಡಿಯಿತು. ವಿಮಾನ ವಾಲಿ, ಬುಗುರಿಯಂತೆ ಸುತ್ತುತ್ತ ಕೆಳಗೆ ಬೀಳತೊಡಗಿತು.

“ನೋಡಿ, ಈ ಹೆಣ್ಣಿನ ಧೈರ್ಯ ನೋಡಿ!” ಎಂದು ಧ್ವನಿವರ್ಧಕ ಕೂಗಿತು. ಜನ ಚಪ್ಪಾಳೆ ತಟ್ಟಿದರು.

ಡಂಕನ್ ಗುಂಡಿ ಒತ್ತಿದ. ಅದು ಅವನ ಆ ದಿನದ ಮೊದಲ ಫೋಟೊ. ಕ್ಯಾಮೆರಾದ ಬೆನ್ನಿನ ಪರದೆಯಲ್ಲಿ ನೋಡಿದ. ಪ್ರೊಪೆಲ್ಲರಿನ ಮೂರೂ ಅಲಗು ಬಿಡಿಬಿಡಿಯಾಗಿ ನಿಂತಿದ್ದವು.

ಅವನು ಮಾವನ ಕೋಟು ಹಿಡಿದೆಳೆದ. “ಕ್ಲಿಫ್! ಎಂಜಿನ್ ನಿಂತಿದೆ! ಯಾರಿಗಾದ್ರೂ ಹೇಳಿ! ಹೊಗೇನೂ ಇಲ್ಲ!”

ಕ್ಲಿಫರ್ಡ್ ಪರದೆಯತ್ತ ಒಮ್ಮೆ ನೋಡಿ ನಗಲು ಶುರುಮಾಡಿದ. “ಹೊಗೆ ಅವಳೇ ನಿಲ್ಲಿಸ್ತಾಳೆ ಕಣೋ, ಗುಂಡಿ ಇದೆ. ಇದು ಅದೇ ಹಳೇ ತಪ್ಪು. ಜೆಟ್‌ಗೆ ಅಂತ ಸಾವಿರಕ್ಕೆ ಏರಿಸಿದ್ದನ್ನ ಇಳಿಸೋದು ಮರೆತಿದ್ದೀಯ!”

ಪಕ್ಕದ ಏಣಿಯವರೂ ನಕ್ಕರು. “ಮೊದಲನೇ ಸಲಾನಾ?” ಎಂದು ಯಾರೋ ಕೇಳಿದರು. ಡಂಕನ್‌ಗೆ ನಾಚಿಕೆಯಾಯಿತು. ಅದರ ಹಿಂದೆಯೇ ದೊಡ್ಡ ಸಮಾಧಾನ ನುಗ್ಗಿ ಬಂತು. ಕಣ್ಣಲ್ಲಿ ನೀರು ತುಂಬಿಕೊಂಡು ಅವನೂ ನಕ್ಕ. ಕಿವಿಯ ಬಟ್ಟಲು ಕಿತ್ತು ಕೊರಳಿಗೆ ಹಾಕಿಕೊಂಡ. ಎಲ್ಲೆಲ್ಲೂ ವಾದ್ಯದ ಸದ್ದು, ಚಪ್ಪಾಳೆಯ ಸದ್ದು. ಇಷ್ಟು ವರ್ಷ ಇದಕ್ಕಾ ಹೆದರಿದ್ದು ಅನ್ನಿಸಿತು.

“ಬೇಗ ಇಳಿಸು ಮಗಾ,” ಅಂದ ಕ್ಲಿಫರ್ಡ್, ಕಣ್ಣನ್ನು ಮತ್ತೆ ಲೆನ್ಸಿಗಿಡುತ್ತ. “ಈಗ ಮೇಲೆ ಏಳ್ತಾಳೆ ನೋಡು, ಅದನ್ನ ಹಿಡಿ.”

ಡಂಕನ್ ಇನ್ನೂ ನಗುತ್ತಲೇ ಚಕ್ರಕ್ಕೆ ಬೆರಳಿಟ್ಟು ಬಗ್ಗಿ ನೋಡಿದ.

ಚಕ್ರ ನೂರರಲ್ಲೇ ಇತ್ತು.